ಮುಳ್ಳಿಲ್ಲದ ಹರಳು

ಶಿವನಂಜಪ್ಪನವರು ಮೋರಿ ಕಂಡರೆ ಸ್ಕೂಟರ್ ನಿಲ್ಲಿಸುತ್ತಿದ್ದರು. ಅದರಲ್ಲಿ ಹರಳು ಗಿಡ ಇದ್ದರಂತೂ ಪ್ಯಾಂಟು ಮಂಡಿಗೆ ಮಡಚಿ ಇಳಿದೇಬಿಡುವರು. ಬಿಳಿ ಶರಟು, ಜೇಬಿನಲ್ಲಿ ಪೆನ್ನು, ಕಾಲೆಲ್ಲ ಕೊಚ್ಚೆ.

ನಾನು ಅವರನ್ನು ಮೊದಲು ನೋಡಿದ್ದೂ ಮೋರಿಯಲ್ಲೇ. ಸರ್ಜಾಪುರದ ದಾರಿಯಲ್ಲಿ ಯಾವುದೋ ಕಂಪನಿಯ ಕಾಂಪೌಂಡು. ಸೊಪ್ಪು ಮಾರಿಕೊಂಡು ಬರುತ್ತಿದ್ದೆ.

“ಏನಪ್ಪಾ, ಮೋರೀಲಿ ಏನ್ ಬೀಳಿಸ್ಕೊಂಡೆ?”

“ಏನೂ ಇಲ್ಲಮ್ಮ. ಈ ಹರಳು ನೋಡಿ, ಕಾಯಿಗೆ ಮುಳ್ಳೇ ಇಲ್ಲ.”

“ಮುಳ್ಳಿಲ್ದಿದ್ರೆ? ಮನೆ ತುಂಬಿಸ್ಕೊತೀಯಾ?”

“ತುಂಬಿಸ್ಕೊತೀನಿ. ನೀವು ಬಂದು ನೀರು ಹಾಕ್ತೀರಾ?”

ಹಾಗೆ ನಾನು ಅವರ ಕೂಲಿಯವಳಾದೆ. ಹರಳಿನ ಹೊಸ ತಳಿ ಮಾಡುವುದು ಅವರ ಉದ್ಯೋಗ. ಜಿಗಣಿಯ ಶೆಡ್ಡುಗಳ ಹಿಂದೆ ಒಂದು ತುಂಡು ಹೊಲ. ಅಲ್ಲಿ ಕೆಂಪು ಕಾಂಡದ್ದು, ಹಸಿರು ಕಾಂಡದ್ದು, ಬೂದಿ ಬಳಿದಂಥದ್ದು, ನನ್ನ ಸೊಂಟದೆತ್ತರದ್ದು, ಗೊನೆ ಕೀಳಲು ಏಣಿ ಕೇಳುವಂಥದ್ದು, ಎಲ್ಲವೂ ಹರಳೇ. ಬೀಜಗಳೋ, ದನದ ಮೈಯ ಉಣ್ಣೆಹುಳುವಿನ ಹಾಗೆ, ಒಂದರ ಚುಕ್ಕಿ ಇನ್ನೊಂದಕ್ಕಿಲ್ಲ.

ಆ ಮಣ್ಣು ಮಾತ್ರ ಕೆಟ್ಟದ್ದು. ಮೊದಲ ದಿನವೇ ಹೇಳಿದೆ.

“ಸಾರ್, ಈ ನೆಲಕ್ಕೆ ಸೊರಗು ರೋಗ ಐತೆ. ಆಕಿದ್ದೆಲ್ಲ ಸಾಯ್ತದೆ.”

“ಸಾಯ್ಲಿ ಅಂತಾನೇ ಇಲ್ಲಿ ಹಾಕೋದು ಕಣಮ್ಮ. ಸಾಯದೆ ಇರೋದು ಯಾವ್ದು ಅಂತ ಬೇರೆ ಹೇಗೆ ತಿಳೀಬೇಕು?”

ಈ ಮನುಷ್ಯನಿಗೆ ತಲೆ ಸರಿಯಿಲ್ಲ ಅಂದುಕೊಂಡೆ. ಆದರೆ ಒಂದೇ ಅಚ್ಚಿನಲ್ಲಿ ಹೊಯ್ದಂತೆ ಬೆಳೆದಿದ್ದ ದಪ್ಪ ಬೀಜದ ಸಾಲುಗಳು ಒಂದು ವಾರದಲ್ಲಿ ತಲೆ ಜೋತು ಒಣಗಿದವು. ಅಲ್ಲೊಂದು ಇಲ್ಲೊಂದು ಉಳಿಯಿತು. ಮೋರಿಯ ಗಿಡದ ಮಕ್ಕಳು ಮಾತ್ರ ಒಂದೂ ಬಾಗದೆ ನಿಂತವು. ಬಡಕಲು ಗೊನೆ, ನುಚ್ಚಿನಷ್ಟು ಬೀಜ.

“ಇದ್ರಲ್ಲಿ ಎಣ್ಣೆ ಬರಾಕಿಲ್ಲ ಸಾರ್, ಗಾಣದವನಿಗೆ ಬೆವರು ಬರ್ತದೆ.”

ಅವರು ನಕ್ಕರು. ಬದುಕಿದ ಗಿಡಗಳ ಬೀಜವನ್ನು ಗಿಡಕ್ಕೊಂದರಂತೆ ಪೊಟ್ಟಣ ಕಟ್ಟಿ, “ಬಿಸಿಲಿಗೆ ಹಾಕಿ ಒಣಗಿಸಿಡಿ” ಎಂದು ನನ್ನ ಕೈಗೆ ಕೊಟ್ಟು, ಮಗಳ ಬಾಣಂತನಕ್ಕೆ ಊರಿಗೆ ಹೋದರು. ಬೀಜ ಬಂದಾಯಿತಲ್ಲ ಎಂದು ನಾನು ಹೊಲದ ಗಿಡಗಳನ್ನೆಲ್ಲ ಕಿತ್ತು ಒಲೆಗೆ ಒಟ್ಟಿದೆ.

ಗಂಡನ ಮನೆಗೆ ಬಂದಾಗಿನಿಂದ ಬಿತ್ತನೆ ಬೀಜ ಆರಿಸಿದವಳು ನಾನು. ಸಣ್ಣದನ್ನು ಬಿತ್ತನೆಗೆ ಇಡುವುದುಂಟೇ? ಒಣಗಿಸಿ, ಕೇರಿ, ಪ್ರತಿ ಪೊಟ್ಟಣದಲ್ಲೂ ದಪ್ಪನೆಯದನ್ನೇ ಉಳಿಸಿದೆ. ಮೋರಿ ಗಿಡದ ಪೊಟ್ಟಣಗಳಲ್ಲಿ ಏನೂ ಉಳಿಯಲಿಲ್ಲ. ಸಾರ್ ಮೆಚ್ಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ.

ಬಂದವರು ಖಾಲಿ ಪೊಟ್ಟಣ ಹಿಡಿದು ಕೇಳಿದರು, “ಸಣ್ಣವು ಎಲ್ಲಮ್ಮ?”

“ತಿಪ್ಪೆಗೆ ಆಕಿದೆ.”

ತಿಪ್ಪೆಗೆ ಯಾರೋ ಬೆಂಕಿ ಇಟ್ಟಿದ್ದರು. ಇಬ್ಬರೂ ಕೂತು ಬೂದಿ ಕೆದಕಿದೆವು. ಸಿಕ್ಕಿದ್ದು ನಾಲ್ಕು ಬೀಜ, ನಾಲ್ಕೂ ಸಿಡಿದಿದ್ದವು.

“ದಪ್ಪ ಬೀಜದಲ್ಲಿ ಎಣ್ಣೆ ಇದೆ, ರೋಗ ತಡೆಯೋ ಕಸುವು ಸಾಲದು,” ಎಂದರು ಕೈ ಒರೆಸಿಕೊಳ್ಳುತ್ತ. “ಆ ಕಸುವು ಇದರಲ್ಲಿತ್ತು. ಎರಡನ್ನೂ ಕೂಡಿಸೋಣ ಅಂತಿದ್ದೆ. ಈ ಗುಣ ಈಗ ಯಾವ ಅಂಗಡೀಲಿ ತರ್ಲಿ?”

ನಾನು ಮತ್ತೆ ಬೂದಿಗೆ ಕೈ ಹಾಕಿದೆ.

“ತಪ್ಪು ನಂದೇ. ಒಣಗಿಸಿ ಅಂದೆ, ಆರಿಸ್ಬೇಡಿ ಅನ್ಲಿಲ್ಲ.”

ಬೈದಿದ್ದರೆ ನಾನೂ ತಿರುಗಿ ಒಂದು ಮಾತಾಡಬಹುದಿತ್ತು.

ಹಳೆಯ ಮೋರಿಗೆ ಹೋದೆವು. ಅದರ ಮೇಲೆ ಚಪ್ಪಡಿ ಹಾಕಿ ಕಾರು ನಿಲ್ಲಿಸಿದ್ದರು.

ರಿಟೈರಾದ ಮೇಲೂ ಅವರು ಸ್ಕೂಟರ್ ಹತ್ತಿ ಹುಡುಕುತ್ತಲೇ ಇದ್ದರು. ಕಡೆಯ ಸಲ ನಮ್ಮ ಬಾಗಿಲಿಗೆ ಬಂದಾಗ ಕಾಲಲ್ಲಿ ಅದೇ ಕೊಚ್ಚೆ.

“ಸಿಕ್ತಾ ಸಾರ್?”

“ಇಲ್ಲಮ್ಮ. ಹೂಡಿ ಕಡೆ ಇನ್ನೂ ನೋಡಿಲ್ಲ.”

ಆಮೇಲೆ ಬರಲಿಲ್ಲ. ಫೋನು ಮಾಡಿಸಿದರೆ ಅವರ ಹೆಂಡತಿ ಎತ್ತಿದರು. ಸಾರ್ ಹೋಗಿ ತಿಂಗಳಾಗಿತ್ತು.

ಮೊನ್ನೆ ತಂಗಿಯ ಮನೆಗೆಂದು ಬಸ್ಸಿನಲ್ಲಿ ಹೂಡಿ ದಾಟುವಾಗ ಮೋರಿಯಲ್ಲಿ ಒಂದು ಹರಳು ಕಂಡಿತು. ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದೆ. ಸೀರೆ ಎತ್ತಿ ಕಟ್ಟಿ ಮೋರಿಗಿಳಿದೆ. ಕೊರಳಿಗೆ ಕಾರ್ಡು ಹಾಕಿಕೊಂಡ ಹುಡುಗಿಯೊಬ್ಬಳು ಮೇಲಿಂದ ಕೂಗಿದಳು.

“ಅಜ್ಜೀ, ಏನ್ ಬೀಳಿಸ್ಕೊಂಡ್ರಿ?”

“ಏನಿಲ್ಲ, ನೀನು ಓಗವ್ವ.”

ಕಾಯಿ ಮುಟ್ಟಿ ನೋಡಿದೆ. ಮುಳ್ಳಿತ್ತು. ಆದರೂ ಒಂದು ಒಣಗಿದ ಗೊನೆ ಮುರಿದು ಸೆರಗಿನಲ್ಲಿ ಕಟ್ಟಿಕೊಂಡೆ, ಸಣ್ಣವನ್ನೂ ಸೇರಿಸಿ.