ಮಳೆಯ ಊರಿನ ಒಣ ಬೂಟು

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿದ್ದಿರಬೇಕು. ಚಾಮರಾಜಪುರಂನ ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಲಗ್ನಪತ್ರಿಕೆಗಳ ವಿನ್ಯಾಸಕ್ಕಾಗಿ. ನನ್ನ ಗಂಡ ಪ್ರೆಸ್ಸೊಂದರಲ್ಲಿ ಡಿಟಿಪಿ ಮಾಡುತ್ತಿದ್ದರು. ಸಂಜೆ ಮನೆಯಲ್ಲೂ ಒಂದಿಷ್ಟು ಕೆಲಸ ಹಿಡಿಯಬಹುದು ಅಂತ ಹಳೆಯದೊಂದನ್ನು ತಂದು ನಡುಮನೆಯ ಕಿಟಕಿ ಪಕ್ಕ ಇಟ್ಟರು. ಹಗಲೆಲ್ಲ ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿರುತ್ತಿತ್ತು. ಆ ಹೊತ್ತಿನಲ್ಲಿ ಮನೆಯಲ್ಲಿ ಇರುತ್ತಿದ್ದವರು ನಾನು ಮತ್ತು ಅತ್ತೆ ಇಬ್ಬರೇ.

ಅತ್ತೆಗೆ ಪತ್ತೇದಾರಿ ಕಾದಂಬರಿಗಳ ಹುಚ್ಚು. ಬಾಡಿಗೆ ಲೈಬ್ರರಿಯಿಂದ ತಂದು ಓದುತ್ತಿದ್ದರು. ಅರ್ಧ ಪುಸ್ತಕಕ್ಕೇ ಕೊಲೆಗಾರ ಯಾರೆಂದು ಹೇಳಿ, ಕೊನೆಯ ಪುಟ ತೆಗೆದು ನೋಡಿ, "ಅಂಗೇ ಆಯ್ತು ನೋಡು" ಎಂದು ಮುಚ್ಚಿಡುತ್ತಿದ್ದರು. ಕಣ್ಣಿನ ಪೊರೆ ತೆಗೆಸಿದ ಮೇಲೆ ದೂರದ್ದೆಲ್ಲ ನಿಚ್ಚಳವಾಯಿತು, ಪುಸ್ತಕದ ಸಣ್ಣ ಅಕ್ಷರ ಮಾತ್ರ ಕನ್ನಡಕ ಹಾಕಿದರೂ ಕಾಣಲಿಲ್ಲ. ನಾನು ಓದಿ ಹೇಳುತ್ತೇನೆ ಅಂದರೆ ಒಪ್ಪಲಿಲ್ಲ. "ನೀನು ಓದೋ ಗತಿಗೆ ಕೊಲೆಗಾರ ಮುದುಕ ಆಗೋಗ್ತಾನೆ ಕಣಮ್ಮ" ಅಂದರು. ಮಧ್ಯಾಹ್ನಗಳಲ್ಲಿ ಸುಮ್ಮನೆ ಬಾಗಿಲ ಕಡೆ ನೋಡುತ್ತಾ ಕೂರುತ್ತಿದ್ದರು.

ಒಮ್ಮೆ ಪ್ರಿಂಟರಿನ ಇಂಕು ತುಂಬಿಸಲು ಮಂಡಿ ಮೊಹಲ್ಲಾಕ್ಕೆ ಹೋದೆ. ಆ ಅಂಗಡಿಯಲ್ಲಿ ಸೀಡಿಗಳನ್ನೂ ಮಾರುತ್ತಿದ್ದರು. ಒಂದರ ಕವರಿನ ಮೇಲೆ ಉದ್ದ ಕೋಟು ತೊಟ್ಟ ಪತ್ತೇದಾರನೊಬ್ಬ ಮಳೆಯಲ್ಲಿ ನಿಂತಿದ್ದ. ಇದೇನು ಎಂದು ಕೇಳಿದೆ.

"ಗೇಮು ಮೇಡಂ. ಕೊಲೆ ಕೇಸು ಕಂಡುಹಿಡೀಬೇಕು. ತಲೆಗೂ ಕೆಲಸ, ಕೈಗೂ ಕೆಲಸ" ಎಂದರು ಅಂಗಡಿಯವರು.

ತಲೆಗೆ ಕೆಲಸ ಅಂದದ್ದಷ್ಟೇ ನನ್ನ ಕಿವಿಗೆ ಬಿತ್ತು. ತಂದೆ.

ಮೊದಲ ಕೆಲವು ಮಧ್ಯಾಹ್ನಗಳು ಎಷ್ಟು ಚೆನ್ನಾಗಿದ್ದವೆಂದರೆ, ಆಮೇಲಿನ ಸಿಟ್ಟಿಗೆ ಅವೇ ಕಾರಣ ಅನ್ನಿಸುತ್ತದೆ. ಯಾವುದೋ ಬಂದರಿನ ಊರು, ಸದಾ ಜಿಟಿಜಿಟಿ ಮಳೆ. ಫೋಟೋ ತೆಗೆಯುವವನೊಬ್ಬ ತನ್ನ ಸ್ಟುಡಿಯೋದಲ್ಲೇ ಸತ್ತುಬಿದ್ದಿದ್ದಾನೆ. ನಾವು ಪತ್ತೇದಾರ. ಓಣಿಗಳಲ್ಲಿ ನಡೆಯಬಹುದು, ಅಂಗಡಿಯವರನ್ನು ಮಾತಾಡಿಸಬಹುದು, ಮೇಜಿನ ಮೇಲಿನ ಲೋಟವನ್ನು ಎತ್ತಿ ತಿರುಗಿಸಿ ನೋಡಬಹುದು. ಸುಳ್ಳು ಹೇಳುವವರ ಕಣ್ಣು ಒಂದು ಕ್ಷಣ ಪಕ್ಕಕ್ಕೆ ಹೊರಳುತ್ತಿತ್ತು. ಯಾರೂ ನಮ್ಮನ್ನು ಅವಸರಪಡಿಸುತ್ತಿರಲಿಲ್ಲ. ಮೌಸು ಹಿಡಿಯುವುದು ನನ್ನ ಕೆಲಸ, ಪರದೆಯ ಇಂಗ್ಲಿಷನ್ನು ಕನ್ನಡದಲ್ಲಿ ಹೇಳುವುದೂ ನನ್ನದೇ. ಯೋಚನೆ ಮಾಡುವುದು ಅತ್ತೆಯದು.

"ಅವನು ಅಂಗೇ ಅಂದ್ನಾ, ನೀನು ಸೇರಿಸಿದ್ಯಾ?" ಎಂದು ನಡುನಡುವೆ ಕೇಳುತ್ತಿದ್ದರು.

"ಅಂಗೇ ಅಂದ ಅತ್ತೆ. ನಾನ್ಯಾಕೆ ಸೇರಿಸ್ಲಿ?"

ಸತ್ತವನ ತಂಗಿ, ಈಗಷ್ಟೇ ರೈಲಿಳಿದು ನಡೆದುಕೊಂಡು ಬಂದೆ ಎಂದು ಅಳುತ್ತಾ ಹೇಳಿದ ದಿನ ಅತ್ತೆ ಕುರ್ಚಿಯಿಂದ ಮುಂದಕ್ಕೆ ಬಾಗಿದರು.

"ಅವಳ ಕಾಲು ತೋರ್ಸು."

ಕೆಳಕ್ಕೆ ತಿರುಗಿಸಿದೆ. ಕಪ್ಪು ಬೂಟು.

"ಒಣಗಿದೆ ನೋಡು. ಆಚೆ ಅಷ್ಟು ಮಳೆ ಉಯ್ತಾ ಐತೆ. ನಡ್ಕೊಂಡು ಬಂದೋಳ ಬೂಟು ಒಣಗಿರತ್ತಾ? ಅವಳು ಬೆಳಗ್ಗಿಂದ ಒಳಗೇ ಅವ್ಳೆ. ಇವಳೇ ಕಣೆ."

ಅವರ ಮುಖದಲ್ಲಿ ಕಾದಂಬರಿ ಓದುತ್ತಿದ್ದ ಕಾಲದ ಗೆಲುವು ಕಾಣಿಸಿತು. ಈಗ ಇದನ್ನು ಆ ಹೆಂಗಸಿನ ಮುಂದಿಡಬೇಕು. ಆದರೆ ಇಡುವುದು ಹೇಗೆ? ಆಟ ಕೊಟ್ಟ ಮಾತುಗಳಲ್ಲೇ ಒಂದನ್ನು ಆರಿಸಬೇಕು; ಅವಳನ್ನು ಕೇಳಲು ಪರದೆಯ ಮೇಲೆ ಬಂದದ್ದು ಇಷ್ಟೇ: ನಿನ್ನ ಅಣ್ಣನಿಗೆ ಶತ್ರುಗಳಿದ್ದರೇ, ಕೊನೆಯ ಸಲ ಅವನನ್ನು ಕಂಡದ್ದು ಯಾವಾಗ, ಇನ್ನು ಬರುತ್ತೇನೆ. ಬೂಟಿನ ಮಾತೇ ಇಲ್ಲ. ಸುತ್ತಿ ಬಳಸಿ ಮತ್ತೆ ಮತ್ತೆ ಅವಳ ಹತ್ತಿರ ಹೋದೆವು. ಪ್ರತಿಸಲವೂ ಅದೇ ಮೂರು ಮಾತು.

"ನಮಗೆ ಗೊತ್ತಾಗಿರೋದು ಅವನಿಗೆ ಯಾಕೆ ಗೊತ್ತಾಗಲ್ಲ?" ಎಂದು ಅತ್ತೆ ಪತ್ತೇದಾರನ ಮೇಲೆ ರೇಗಿದರು. ಅವನು ಕೋಟಿನ ಜೇಬಿಗೆ ಕೈ ಹಾಕಿಕೊಂಡು ಸುಮ್ಮನೆ ನಿಂತಿದ್ದ.

ಬೇರೆ ದಾರಿಯಿಲ್ಲದೆ ಮುಂದಕ್ಕೆ ಹೋದೆವು. ಮುಂದೆ ಇದ್ದದ್ದು ಒಂದು ಗೋದಾಮು. ಒಳಗೆ ಕಾಲಿಟ್ಟ ತಕ್ಷಣ ಪತ್ತೇದಾರನ ಕೈಗೆ ಪಿಸ್ತೂಲು ಬಂತು, ಎಲ್ಲ ಕಡೆಯಿಂದಲೂ ಗುಂಡು ಹಾರತೊಡಗಿದವು. ಅಲ್ಲಿಯವರೆಗೆ ನಿಧಾನವಾಗಿ ನಡೆದಿದ್ದ ಆಟ ಇದೇನಾ ಅನ್ನಿಸಿತು. ನಾನು ಸತ್ತೆ. ಮತ್ತೆ ಸತ್ತೆ. ಕಂಬದ ಹಿಂದೆ ಅಡಗಿದರೆ ಪರದೆಯ ತುಂಬ ಕಂಬವೇ ಕಾಣುತ್ತಿತ್ತು, ಹೊಡೆಯುವವರು ಕಾಣುತ್ತಿರಲಿಲ್ಲ. ಗುರಿ ಇಡಲು ಮೌಸು ತಿರುಗಿಸಿದರೆ ಪತ್ತೇದಾರ ಚಾವಣಿ ನೋಡುತ್ತಿದ್ದ. ಗೋದಾಮು ಪೂರ್ತಿ ಮುಗಿಯುವವರೆಗೆ ಆಡಿದಷ್ಟನ್ನು ಉಳಿಸಿಕೊಳ್ಳುವ ಹಾಗೂ ಇರಲಿಲ್ಲ, ಸತ್ತರೆ ಮತ್ತೆ ಬಾಗಿಲಿನಿಂದಲೇ ಶುರು. ಕೊನೆಯ ಮೆಟ್ಟಿಲವರೆಗೆ ತಲುಪಿದ ಒಂದು ದಿನ ಕರೆಂಟು ಹೋಯಿತು. ಕಪ್ಪು ಪರದೆಯಲ್ಲಿ ನನ್ನ ಮುಖವೇ ಕಂಡಿತು. ಕೀಬೋರ್ಡನ್ನು ಎತ್ತಿ ಬಿಸಾಡಬೇಕು ಅನ್ನಿಸಿದ್ದು ಸುಳ್ಳಲ್ಲ.

ಅತ್ತೆಯ ಸಿಟ್ಟಿಗೆ ಬೇರೆಯೇ ಕಾರಣವಿತ್ತು. "ಒಂದು ಕೊಲೆ ಕಂಡುಹಿಡಿಯಕ್ಕೆ ಇವನು ಎಷ್ಟು ಕೊಲೆ ಮಾಡ್ತಾನೆ? ಇವನನ್ನ ಯಾರು ಹಿಡೀತಾರೆ?"

"ಇವ್ರೆಲ್ಲ ಕೆಟ್ಟೋರಂತೆ ಅತ್ತೆ."

"ಯಾರಂದ್ರು? ಒಬ್ಬನ್ನಾದ್ರೂ ಮಾತಾಡಿಸ್ದಾ?"

ಮಣಿಕಟ್ಟು ನೋಯುತ್ತಿತ್ತು. ಒಲೆಯ ಮೇಲೆ ಬೇಳೆ ಸೀದು ಹೋದದ್ದೂ ಉಂಟು. ಗಂಡ ಬಂದು, "ಏನಿದು ಸೀದ ವಾಸನೆ?" ಎಂದರೆ ಅತ್ತೆ ಬಾಗಿಲ ಕಡೆ ತಿರುಗುತ್ತಿದ್ದರು, ನಾನು ಪಾತ್ರೆ ಉಜ್ಜಲು ಏಳುತ್ತಿದ್ದೆ.

ಕೊನೆಗೆ ಮತ್ತೆ ಮಂಡಿ ಮೊಹಲ್ಲಾಕ್ಕೆ ಹೋದೆ. ಅಂಗಡಿಯವರು ನನ್ನ ಗೋಳು ಕೇಳಿ ನಕ್ಕರು. "ಎಲ್ರೂ ಸಿಕ್ಕಾಕ್ಕೊಳೋದು ಅಲ್ಲೇ ಮೇಡಂ. ಒಂದು ಪದ ಹೇಳ್ಕೊಡ್ತೀನಿ. ಆಟದ ಮಧ್ಯೆ ಟೈಪ್ ಮಾಡ್ಬುಡಿ, ಗುಂಡು ತಾಕಲ್ಲ."

ಹಾಗೆ ಮಾಡಬಹುದೇ ಎಂದು ಅತ್ತೆಯನ್ನು ಕೇಳಿದೆ.

"ಗುಂಡು ತಾಕದೆ ಇರೋನು ಮನುಷ್ಯ ಅಲ್ಲ, ದೆವ್ವ" ಎಂದರು. ಆಮೇಲೆ ಕುರ್ಚಿಯನ್ನು ಕಂಪ್ಯೂಟರ್ ಹತ್ತಿರಕ್ಕೆ ಎಳೆದುಕೊಂಡು, "ಮಾಡು. ದೆವ್ವನಾದ್ರೂ ಆಗ್ಲಿ, ಆ ಹೆಂಗಸನ್ನ ಹಿಡೀಲಿ" ಅಂದರು.

ದೆವ್ವವಾಗಿ ಗೋದಾಮು ದಾಟಿದೆವು, ಅದರಾಚೆಯ ಹಡಗು ದಾಟಿದೆವು. ಕಡೆಯ ಕೋಣೆಯಲ್ಲಿ ದೀಪ ಹತ್ತಿದಾಗ ಅತ್ತೆ ಕನ್ನಡಕ ಒರೆಸಿಕೊಂಡು ಕೂತರು. ಅಲ್ಲಿ ನಿಂತಿದ್ದವನು ಪತ್ತೇದಾರನ ಮೇಲಧಿಕಾರಿ, ಆಟದ ಶುರುವಿನಲ್ಲಿ ಒಮ್ಮೆ ಬಂದು ಕೇಸು ಒಪ್ಪಿಸಿ ಹೋಗಿದ್ದವನು. ತನ್ನ ಕಳ್ಳಸಾಗಣೆಯ ಫೋಟೋ ತೆಗೆದದ್ದಕ್ಕೆ ಸ್ಟುಡಿಯೋದವನನ್ನು ತಾನೇ ಕೊಂದೆ ಎಂದು ತನ್ನಷ್ಟಕ್ಕೆ ತಾನೇ ಎಲ್ಲವನ್ನೂ ಹೇಳಿಬಿಟ್ಟ. ನಮ್ಮನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಮೇಲೆ ಅವನನ್ನೂ ಗುಂಡಿಟ್ಟು ಕೊಲ್ಲಬೇಕಿತ್ತು. ಕೊಂದೆ. ಆಟ ಮಾಡಿದವರ ಹೆಸರುಗಳು ಪರದೆಯ ಮೇಲೆ ಏರತೊಡಗಿದವು.

"ಬೂಟು?" ಎಂದರು ಅತ್ತೆ.

"ಅದರ ವಿಷಯ ಬರಲೇ ಇಲ್ಲ ಅತ್ತೆ."

ಮಾರನೆಯ ದಿನ ಅವರು ಮಲಗಿದ್ದಾಗ ನಾನೊಬ್ಬಳೇ ಮೊದಲಿನಿಂದ ಶುರುಮಾಡಿ ಎಲ್ಲರ ಕಾಲು ನೋಡಿದೆ. ಅಂಗಡಿಯವನ ಬೂಟು ಒಣಗಿತ್ತು. ಮಳೆಯಲ್ಲೇ ನಿಂತ ಪೊಲೀಸಿನವನ ಬೂಟು ಒಣಗಿತ್ತು. ನಮ್ಮ ಪತ್ತೇದಾರ ನೀರಿನ ಮೇಲೆ ಕಾಲಿಟ್ಟು ನಡೆದರೂ ಒಂದು ಹನಿ ಅಂಟುತ್ತಿರಲಿಲ್ಲ. ಒದ್ದೆ ಬೂಟು ಚಿತ್ರಿಸುವಷ್ಟು ತಾಳ್ಮೆ ಆಟ ಮಾಡಿದವರಿಗೆ ಇರಲಿಲ್ಲ, ಅಷ್ಟೇ. ಅತ್ತೆ ಹಿಡಿದದ್ದು ಅಪರಾಧಿಯನ್ನಲ್ಲ, ಆಟದ ಕುಂದನ್ನು. ಇಷ್ಟು ದಿನ ಕೈನೋವು ಸಹಿಸಿದ್ದು ಇದಕ್ಕಾ ಎಂದು ಕಣ್ಣಲ್ಲಿ ನೀರು ಬಂತು. ಅತ್ತೆಗೆ ಇದನ್ನು ಹೇಳಬೇಕೋ ಬೇಡವೋ ಎಂದು ಎರಡು ಮನಸ್ಸಾಯಿತು. ಕಾಫಿ ಕೊಡುವಾಗ ಹೇಳಿಯೇಬಿಟ್ಟೆ.

ಅವರು ಲೋಟವನ್ನು ಕೆಳಗಿಟ್ಟರು. "ಅಂದ್ರೆ ಅವರು ನೋಡೇ ಇಲ್ಲ."

"ಇಲ್ಲ."

"ಬೀದಿಯೆಲ್ಲ ಅಷ್ಟು ಚೆಂದ ಕಟ್ಟವ್ರೆ. ಕಿಟಕಿ ಗಾಜಿನ ಮೇಲೆ ನೀರು ಇಳಿಯೋದನ್ನೂ ತೋರ್ಸವ್ರೆ. ಕಾಲು ನೋಡಲಿಲ್ವಲ್ಲ." ಆಮೇಲೆ ಗಟ್ಟಿ ದನಿಯಲ್ಲಿ, "ನನ್ನ ಪ್ರಕಾರ ಅವಳೇ. ಆ ದೊಡ್ಡ ಸಾಹೇಬ ಒಂದು ಸಲ ಮುಖ ತೋರ್ಸಿ ಹೋದೋನು. ಅವನನ್ನ ತಂದು ಕೊನೇಲಿ ಕೂರಿಸೋದು ನ್ಯಾಯ ಅಲ್ಲ" ಅಂದರು.

ಅದಾದ ಮೇಲೆ ನಾವು ಗೋದಾಮಿನ ಕಡೆ ಹೋಗಲಿಲ್ಲ. ಕೆಲವು ಮಧ್ಯಾಹ್ನ ಮಾತ್ರ ಅತ್ತೆ, "ಆ ಊರು ಹಾಕು, ಸ್ವಲ್ಪ ಓಡಾಡೋಣ" ಅನ್ನುತ್ತಿದ್ದರು. ಬಂದರಿನವರೆಗೆ ನಡೆದು ವಾಪಸು ಬರುತ್ತಿದ್ದೆವು. ಅವರಿಗೆ ಅಷ್ಟೇ ಸಾಕಾಗಿತ್ತು. ನನಗೆ ಸಾಕಾಗಲಿಲ್ಲ. ಗುಂಡು ಹಾರಿಸದೆ ಕೇಸು ಮುಗಿಸುವ ಆಟ ಬೇರೆ ಇದೆಯಾ ಎಂದು ಅಂಗಡಿಯವರನ್ನು ಕೇಳಿದೆ. ಅವರು ಡಬ್ಬ ತಡಕಿ, "ಅಂಥದ್ದು ಯಾರೂ ಕೇಳಲ್ಲ ಮೇಡಂ" ಎಂದು ಕಾರ್ ರೇಸಿನ ಸೀಡಿಯೊಂದನ್ನು ಮುಂದಿಟ್ಟರು. ಬೇಡ ಎಂದು ಇಂಕು ಮಾತ್ರ ತುಂಬಿಸಿಕೊಂಡು ಬಂದೆ. ಬಸ್ಸಿನಲ್ಲಿ ಕೂತವಳಿಗೆ ಯಾರ ಮೇಲೆ ಸಿಟ್ಟು ಅಂತಲೇ ತಿಳಿಯದಷ್ಟು ಸಿಟ್ಟು ಬಂದಿತ್ತು.