ಬ್ಯಾಂಡೇಜ್ ಸ್ವಾಮಿಯ ನಿಲುವಂಗಿ

ಆಸ್ಪತ್ರೆಯ ನೆಲಮಹಡಿಯ ಕ್ರೈಸ್ತ ಪ್ರಾರ್ಥನಾಲಯದಲ್ಲಿ ಬೆಳಗಿನ ಪೂಜೆ ನಡೆಯುತ್ತಿದೆ. ಎರಡು ಬೆಂಚು ತುಂಬುವಷ್ಟೂ ಜನರಿಲ್ಲ. ಇದ್ದವರಲ್ಲಿ ಒಬ್ಬಾಕೆ, ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್, ಕೂತಲ್ಲೇ ತೂಕಡಿಸುತ್ತಿದ್ದಾಳೆ. ಮಂಡಿಯೂರಬೇಕಾದ ಕಡೆ ಸ್ವಾಮಿಗಳು ಬಲಿಪೀಠದ ಅಂಚು ಹಿಡಿದು ನಿಧಾನಕ್ಕೆ ಇಳಿಯುತ್ತಾರೆ. ಇಳಿಯುವುದು ಒಂದು ಪಾಡು, ಏಳುವುದು ಇನ್ನೊಂದು. ಏಳುವಾಗ ಮೂಳೆ ಲಟಕ್ಕೆಂದದ್ದು ಹಿಂದಿನ ಬೆಂಚಿಗೂ ಕೇಳುತ್ತದೆ.

ಅರವತ್ತೈದು ದಾಟಿದ ಇವರು ಪಾದ್ರಿಯಾಗಿ ಗುರುದೀಕ್ಷೆ ಪಡೆದು ಇನ್ನೂ ವರ್ಷ ತುಂಬಿಲ್ಲ. ಅದಕ್ಕೆ ಮೊದಲು ಇದೇ ಆಸ್ಪತ್ರೆಯಲ್ಲಿ ಗಾಯ ತೊಳೆದು ಕಟ್ಟುವ ಡ್ರೆಸ್ಸರ್ ಆಗಿದ್ದರು. ಆಗ ವಾರ್ಡಿನವರ ಬಾಯಲ್ಲಿ ಬ್ಯಾಂಡೇಜಣ್ಣ, ಈಗ ಬ್ಯಾಂಡೇಜ್ ಸ್ವಾಮಿ.

ಪೂಜೆ ಮುಗಿದರೆ ವಾರ್ಡು. ಲಿಫ್ಟು ಸ್ಟ್ರೆಚರಿಗಿರಲಿ ಎಂದು ಮೆಟ್ಟಿಲು ಹತ್ತುತ್ತಾರೆ. ದಿನಕ್ಕೆ ಮೂವತ್ತು ಹಾಸಿಗೆಯಾದರೂ ಆಗುತ್ತದೆ. ಕರೆದವರ ಹಣೆಗೆ, ಅಂಗೈಗೆ ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುತ್ತಾರೆ; ಕರೆಯದವರ ಬಳಿ ಸುಮ್ಮನೆ ಕೂರುತ್ತಾರೆ. ಮೊದಲ ಸಲ ತೈಲ ಹಚ್ಚಿದಾಗಿನ ಎಡವಟ್ಟನ್ನು ವಾರ್ಡು ಇನ್ನೂ ಮರೆತಿಲ್ಲ. ಹಣೆಗೆ ಹಚ್ಚಿದ್ದೇ ತಡ, ಇನ್ನೊಂದು ಕೈ ತಾನಾಗಿ ಹತ್ತಿ ತೆಗೆದು ಚೊಕ್ಕವಾಗಿ ಒರೆಸಿಬಿಟ್ಟಿತ್ತು. “ಏನು ಬ್ಯಾಂಡೇಜಣ್ಣ, ಆಶೀರ್ವಾದ ಕೊಟ್ಟಂಗೆ ಮಾಡಿ ವಾಪಸ್ ಇಸ್ಕೊಂಡ್ಯಲ್ಲ” ಎಂದರಂತೆ ಹಾಸಿಗೆಯಲ್ಲಿದ್ದ ಮುದುಕರು.

“ಮತ್ತೆ ಹಚ್ಚಿದೆ. ಏನ್ಮಾಡೋದು, ಕೈಗೆ ಎಷ್ಟೋ ವರ್ಷದ ಸರ್ವೀಸು. ಸ್ವಾಮಿಗಿಂತ ಅದೇ ಸೀನಿಯರ್ರು” ಎನ್ನುತ್ತಾರೆ ಇವರು.

ಹೆಂಡತಿ ತೀರಿಕೊಂಡದ್ದೂ ಈ ಆಸ್ಪತ್ರೆಯಲ್ಲೇ. ಆ ಸಂಜೆ ಕೊನೆಯ ತೈಲ ಹಚ್ಚಲು ಗುರುಗಳು ಬರುವಷ್ಟರಲ್ಲಿ ಹೊತ್ತು ಮೀರಿತ್ತು. “ಗಾಯ ಆಗಿದ್ರೆ ಏನಾದ್ರೂ ಮಾಡ್ತಿದ್ದೆ. ಬರೀ ಕೈಯಲ್ಲಿ ಕೂತಿದ್ದೆ. ದೇವರು ಕರೆದ ಅಂತ ದೊಡ್ಡ ಮಾತು ನಾನಾಡಲ್ಲ. ವಾರ್ಡಲ್ಲಿ ಬೆಲ್ಲು ಹೊಡೆದ್ರೆ ಏಳ್ತೀವಲ್ಲ, ಹಂಗೆ ಎದ್ದೆ.”

ಹಣ್ಣೆಲೆ ಚಿಗುರುವುದುಂಟೇ ಎಂದು ಪಾದ್ರಿಗಳನ್ನು ತಯಾರು ಮಾಡುವ ಗುರುಮಠದ ಮುಖ್ಯಸ್ಥರೇ ಅನುಮಾನಪಟ್ಟರಂತೆ. ಸಹಪಾಠಿಗಳಿಗೆ ಇವರು ‘ತಾತ’. ತತ್ತ್ವಶಾಸ್ತ್ರದಲ್ಲಿ ಎರಡು ಸಲ ಡುಮ್ಕಿ. ಅದೆಲ್ಲ ಹೇಗೋ ದಾಟಿತು. ದಾಟದೆ ಉಳಿದದ್ದು ಮನೆಯ ಹೊಸ್ತಿಲು.

ಒಬ್ಬಳೇ ಮಗಳು, ದರ್ಜಿ. ಅಪ್ಪ ಸ್ವಾಮಿಗಳಾದ ಮೇಲೆ ಅವರ ಪೂಜೆಗೆ ಒಮ್ಮೆಯೂ ಹೋಗಿ ಕೂತವಳಲ್ಲ. “ಚಿಕ್ಕೋಳಿದ್ದಾಗ ಯಾವಾಗ ಕೇಳಿದ್ರೂ ಡ್ಯೂಟಿ ಅಂತಿದ್ರು. ರಿಟೈರ್ ಆದ್ಮೇಲೆ ನಮ್ಮನೇಲಿರ್ತಾರೆ ಅಂತ ಒಳಗಿನ ರೂಮಿಗೆ ಬಣ್ಣ ಹೊಡಿಸಿದ್ದೆ. ಆಸ್ಪತ್ರೆ ನಮ್ಮಪ್ಪನ್ನ ಎರಡು ಸಲ ಕಿತ್ಕೊಳ್ತು” ಎನ್ನುತ್ತಾಳೆ. ಮಾತಿನ ನಡುವೆ ಹೊಲಿಗೆ ನಿಲ್ಲುವುದಿಲ್ಲ.

ಭಾನುವಾರ ಮಧ್ಯಾಹ್ನ ಅಪ್ಪ ಅಲ್ಲಿಗೆ ಊಟಕ್ಕೆ ಹೋಗುತ್ತಾರೆ. ಬಡಿಸುತ್ತಾಳೆ, ಮಾತ್ರೆ ನುಂಗಿದರೋ ಇಲ್ಲವೋ ನೋಡುತ್ತಾಳೆ. ಅವರು ಪೂಜೆಯ ಮಾತೆತ್ತಿದರೆ ಇವಳು ತಟ್ಟೆ ಎತ್ತುತ್ತಾಳೆ.

ಹೋದ ತಿಂಗಳು ತೋಳು ಹರಿದ ನಿಲುವಂಗಿಯನ್ನು ಅವಳ ಕೈಗೆ ಕೊಟ್ಟು ಬಂದರು. ತೋಳು ಹೊಲಿದು ಬಂತು. ಯಾರೂ ಹೇಳದಿದ್ದರೂ ಕೆಳಗಿನ ಅಂಚು ಎರಡು ಬೆರಳಷ್ಟು ಮೇಲಕ್ಕೆ ಮಡಚಿ ಹೊಲಿದಿತ್ತು.

“ಮಂಡಿಯೂರಿ ಏಳುವಾಗ ತುದಿ ತುಳೀತಾರೆ, ಮುಗ್ಗರಿಸ್ತಾರೆ” ಎಂದು ಮಗಳು ದಾರ ಕಚ್ಚಿ ತುಂಡರಿಸುತ್ತಾಳೆ. ಪೂಜೆಗೇ ಹೋಗದವಳಿಗೆ ಅದು ಹೇಗೆ ಗೊತ್ತಾಯಿತು ಎಂದು ಕೇಳಿದರೆ ಮೆಷಿನ್ನಿಗೆ ಇನ್ನೊಂದು ಬಟ್ಟೆ ಕೊಡುತ್ತಾಳೆ. ಆಮೇಲೆ, “ಪ್ರಾರ್ಥನಾಲಯಕ್ಕೆ ವೆರಾಂಡದ ಕಡೆ ಕಿಟಕಿ ಇದೆಯಲ್ಲ. ಬೇಕಾದ್ರೆ ಹೇಳಿ ಅವರಿಗೆ.”

ಈ ಮಾತು ಮುಟ್ಟುವಾಗ ಸ್ವಾಮಿಗಳು ಮೆಟ್ಟಿಲ ಮೇಲೆ ಕೂತು ತಮ್ಮ ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಾರೆ. ಸುತ್ತುವ ಕೈ ನಿಲ್ಲುತ್ತದೆ.

“ಒಳಗೆ ಬಂದು ಬೆಂಚಿನ ಮೇಲೆ ಕೂತ್ಕೊಳ್ಳೋಕೆ ಹೇಳಿ” ಎನ್ನುತ್ತಾರೆ ಕೊನೆಗೆ. “ಅಷ್ಟು ಹೊತ್ತು ನಿಂತ್ರೆ ನೋವು ಬರುತ್ತೆ. ಅವಳದೂ ನಮ್ಮನೆ ಮಂಡಿನೇ.”