ಕೊಟ್ಟಿಗೆಯ ತಲೆಗೆ ಕಟ್ಟಿದ ದೂರು

ಹೆಮ್ಮಿಗೆಯ ನಮ್ಮ ಮನೆಗೆ ನೆಟ್ ಎಳೆದವನು ತಂದ ವೈರು ಸಾಲದೆ, ರೂಟರ್ ಡಬ್ಬಿಯನ್ನು ಹಿಂದಿನ ಕೋಣೆಯ ಕಿಟಕಿಯ ಪಕ್ಕದಲ್ಲೇ ಮೊಳೆ ಹೊಡೆದು ನೇತುಹಾಕಿ ಹೋಗಿದ್ದ. ಕಿಟಕಿಯ ಆಚೆಗೆ ಕೊಟ್ಟಿಗೆ, ಅದರಲ್ಲಿ ನಮ್ಮತ್ತೆಯ ಎರಡು ಹಸು. ಆ ಕೋಣೆಯಲ್ಲೇ ಮೇಜು ಹಾಕಿಕೊಂಡು ನಾನು ಕೆಲಸ ಮಾಡುತ್ತಿದ್ದೆ. ಇನ್ಶೂರೆನ್ಸಿಗೆ ಬರುವ ಆಸ್ಪತ್ರೆಯ ಬಿಲ್ಲು, ಎಕ್ಸ್‌ರೇ, ಸ್ಕ್ಯಾನುಗಳನ್ನು ಒಂದಕ್ಕೊಂದು ತಾಳೆ ನೋಡುವ ಕೆಲಸ. ಮೈಸೂರಿನ ಆಫೀಸಿಗೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದವಳು ಕೊರೋನಾ ಬಂದಮೇಲೆ ಮನೆಯಲ್ಲೇ ಉಳಿದೆ. ಕಂಪನಿಯವರು ಆಫೀಸಿದ್ದ ಮಹಡಿಯನ್ನೇ ಬಿಟ್ಟುಕೊಟ್ಟಿದ್ದರಿಂದ ವಾಪಸು ಹೋಗಲು ಕುರ್ಚಿಯೂ ಇರಲಿಲ್ಲ.

ರೋಗಿಗಳ ಕಾಗದ ಹೊರಗೆ ಸೋರಬಾರದೆಂದು ನಮಗೆ ವಿಪಿಎನ್ ಕೊಟ್ಟಿದ್ದರು. ಮನೆಯ ಕಂಪ್ಯೂಟರಿನಿಂದ ಕಂಪನಿಯ ಕಂಪ್ಯೂಟರಿಗೆ ಹೋಗುವ ಬೇಲಿ ಹಾಕಿದ ದಾರಿ ಅದು. ಆ ದಾರಿಯಲ್ಲಿ ಬರುತ್ತಿದ್ದ ಎಕ್ಸ್‌ರೇಯ ಗತಿ ನೋಡಿದರೆ ಅಳು ಬರಬೇಕು. ಯಾರದೋ ಮುರಿದ ಕಾಲು ತೆರೆದರೆ ಮೊದಲು ಸೊಂಟದ ಮೂಳೆ ಕಾಣುತ್ತಿತ್ತು. ಒಲೆಯ ಮೇಲೆ ಹಾಲಿಟ್ಟು ಬಂದರೂ ಚಿತ್ರ ಮಂಡಿಯ ತನಕ ಇಳಿದಿರುತ್ತಿರಲಿಲ್ಲ.

ಸಾಲದ್ದಕ್ಕೆ ಬೆಳಿಗ್ಗೆ ಎದ್ದು ವಿಪಿಎನ್ ಹಾಕಿಕೊಂಡು, ಡೌನ್‌ಲೋಡ್ ಸ್ಪೀಡ್ ಪರೀಕ್ಷೆ ಮಾಡಿ, ಆ ಪರದೆಯ ಚಿತ್ರವನ್ನು ಆಫೀಸಿನ ವಾಟ್ಸಾಪ್ ಗ್ರೂಪಿಗೆ ಹಾಕಬೇಕಿತ್ತು. ಸ್ಪೀಡ್ ಕಮ್ಮಿ ಬಂದವರ ಹೆಸರಿನ ಮುಂದೆ ಮ್ಯಾನೇಜರು ಕೆಂಪು ಚುಕ್ಕೆ ಇಡುತ್ತಿದ್ದರು. ನನ್ನ ಹೆಸರಿನ ಮುಂದೆ ಅದು ಕಾಯಂ ಆಯಿತು. ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುವಾಗಲೂ ಆ ಚುಕ್ಕೆ ಕಣ್ಣಿಗೆ ಕಟ್ಟಿ, ತಿನ್ನುವ ಮೊದಲೇ ಬಾಯಿ ಕಹಿಯಾಗುತ್ತಿತ್ತು.

ನೆಟ್ಟಿನವನನ್ನು ಕರೆಸಿದೆ. ನರಸೀಪುರದಿಂದ ಬೈಕಿನಲ್ಲಿ ಬಂದವನು ಗೇಟಿನ ಹತ್ತಿರ ನಿಂತು, ಗುಟ್ಕಾ ಉಗಿದು, ಒಳಗೆ ಬಂದು ತನ್ನ ಮೊಬೈಲಿನಲ್ಲೇ ಪರೀಕ್ಷೆ ಮಾಡಿ ತೋರಿಸಿದ. ಸ್ಪೀಡ್ ತೋರಿಸುವ ಮುಳ್ಳು ಸರ್ರನೆ ಕೊನೆಗೆ ಹೋಯಿತು.

"ನೋಡಿ ಅಕ್ಕ, ಎಂಗ್ ಓಯ್ತಾ ಅದೆ. ಇನ್ನೇನ್ ಬೇಕು?"

"ಅದು ವಿಪಿಎನ್ ಇಲ್ಲದೆ. ಹಾಕಿದಾಗ ನೋಡಿ," ಎಂದು ನನ್ನ ಕಂಪ್ಯೂಟರು ತಿರುಗಿಸಿದೆ. ಮುಳ್ಳು ಏಳಲೇ ಇಲ್ಲ.

ಅವನು ಅದರ ಕಡೆ ಸರಿಯಾಗಿ ನೋಡಲೂ ಇಲ್ಲ. "ದೊಡ್ ಪ್ಲಾನ್ ಆಕ್ಸ್ಕಳಿ ಅಕ್ಕ, ಎಲ್ಲಾ ಸರ್ಯಾಯ್ತದೆ," ಎಂದ.

ಹಾಕಿಸಿಕೊಂಡೆ. ಏನೂ ಸರಿಯಾಗಲಿಲ್ಲ. ಅವನು ಉಗಿದಿದ್ದು ಮಾತ್ರ ಕಾಂಪೌಂಡಿನ ಗೋಡೆಯ ಮೇಲೆ ಕೆಂಪಗೆ ಇಳಿದು ಒಣಗಿತ್ತು. ಅದನ್ನು ತೆಂಗಿನನಾರು ಹಾಕಿ ತಿಕ್ಕಿದವಳೂ ನಾನೇ.

ಆಮೇಲೆ ಮ್ಯಾನೇಜರು ಒಂದು ದಿನ ಎಲ್ಲರೂ ಕೂತಿದ್ದ ವಿಡಿಯೋ ಮೀಟಿಂಗಿನಲ್ಲಿ, "ಮೇಡಂ, ನಿಮ್ಮ ರೂಟರ್ ಎಲ್ಲಿದೆ, ಸ್ವಲ್ಪ ತೋರಿಸಿ," ಎಂದರು. ಹಿಂದುಮುಂದು ನೋಡದೆ ಲ್ಯಾಪ್‌ಟಾಪನ್ನು ಕಿಟಕಿಯ ಕಡೆ ಹಿಡಿದೆ. ಡಬ್ಬಿ ಕಂಡಿತು. ಅದರ ಪಕ್ಕದಲ್ಲಿ ಹಸುವಿನ ಬೆನ್ನು, ಸಗಣಿ ಬಾಚುತ್ತಿದ್ದ ನಮ್ಮತ್ತೆಯೂ ಕಂಡರು.

"ಕೊಟ್ಟಿಗೇಲಿ ಇಟ್ಟರೆ ಸ್ಪೀಡ್ ಎಲ್ಲಿಂದ ಬರುತ್ತೆ ಮೇಡಂ? ಹಸು ಡೌನ್‌ಲೋಡ್ ಮಾಡ್ಕೋತಿದೆಯೇನೋ," ಎಂದರು ಮ್ಯಾನೇಜರು. ಪುಟ್ಟ ಪುಟ್ಟ ಚೌಕದೊಳಗಿದ್ದ ಮುಖಗಳೆಲ್ಲ ನಕ್ಕವು. ಅವರಲ್ಲಿ ಎಷ್ಟೋ ಜನ ಆಫೀಸಿನಲ್ಲಿ ನನ್ನ ಊಟದ ಡಬ್ಬಿಯ ಮೊಸರನ್ನ ತಿಂದವರು.

ಸದ್ದು ಕೇಳಿ ಅತ್ತೆ ಕಿಟಕಿಯ ಹತ್ತಿರ ಬಂದರು. "ಅದ್ಯಾರವ್ವ, ನಮ್ ಕೊಟ್ಗೆ ನೋಡ್ಕಂಡ್ ನಗ್ತಾವ್ರೆ?"

"ಯಾರೂ ಇಲ್ಲ ಅತ್ತೆ, ಆಫೀಸಿನೋರು."

"ಆಲು ಕುಡಿಯಾಕಿಲ್ವಂತಾ ಅವ್ರು?" ಎಂದು ಕೇಳಿ ಅತ್ತೆ ಮತ್ತೆ ಬಾಚಲು ಹೋದರು. ನಾನು ಕ್ಯಾಮೆರಾ ಮುಚ್ಚಿದೆ. ಸಗಣಿಯ ವಾಸನೆ ನನಗೆ ಯಾವತ್ತೂ ಹೇಸಿಗೆ ಎನಿಸಿದ್ದಿಲ್ಲ. ಆ ನಗು ಹೇಸಿಗೆ ಎನಿಸಿತು.

ಆ ವಾರವೇ ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡು ನಂಜನಗೂಡಿನ ಅಣ್ಣನ ಮನೆಗೆ ಹೋದೆ. ಅವನದು ಪೇಟೆಯ ನಡುವಿನ ಮನೆ, ಬೇರೆ ಕಂಪನಿಯ ನೆಟ್ಟು, ಹಸು ಕಟ್ಟಲು ಗೇಣು ಜಾಗವಿಲ್ಲ. ವಿಪಿಎನ್ ಇಲ್ಲದೆ ನೋಡಿದೆ, ಮುಳ್ಳು ಹಾರಿತು. ಹಾಕಿಕೊಂಡು ನೋಡಿದೆ, ಹೆಮ್ಮಿಗೆಯಲ್ಲಿ ಮಲಗಿದ್ದ ಜಾಗದಲ್ಲೇ ಮಲಗಿತು. ಅಣ್ಣ ಕಾಫಿ ಲೋಟ ಹಿಡಿದು ಬಾಗಿ ನೋಡಿದ.

"ಇದು ನಿನ್ ಮನೆ ತೊಂದ್ರೆ ಅಲ್ಲ ಕಣಮ್ಮಿ. ಅವ್ರ ಕಡೇದೇ ಕೆಟ್ಟೋಗದೆ. ಪೋನ್ ಮಾಡಿ ಕೇಳು."

ಅವನ ಎದುರಿಗೇ ಮ್ಯಾನೇಜರಿಗೆ ಫೋನ್ ಮಾಡಿ ಕಂಡದ್ದನ್ನು ಹೇಳಿದೆ. ವಾದಕ್ಕೆ ಸಿದ್ಧವಾಗಿಯೇ ಮಾಡಿದ್ದೆ. ಅವರು ವಾದ ಮಾಡಲಿಲ್ಲ.

"ಗೊತ್ತು ಮೇಡಂ," ಎಂದರು, ಊಟ ಆಯ್ತಾ ಎಂದು ಕೇಳಿದಷ್ಟು ಸಲೀಸಾಗಿ. "ವಿಪಿಎನ್ ನಡೆಸೋ ನಮ್ಮ ಸರ್ವರ್ ಹಳೇದು. ಎಲ್ಲರೂ ಒಟ್ಟಿಗೆ ನುಗ್ತಾರೆ, ತಡೆಯಲ್ಲ. ಹಾಗಂತ ಕೆಲಸ ಕೊಡೋ ಇನ್ಶೂರೆನ್ಸ್ ಕ್ಲೈಂಟಿಗೆ ಹೇಳಕ್ಕಾಗುತ್ತಾ? ಹಳ್ಳಿ ಕಡೆ ನೆಟ್ ಸರಿಯಿಲ್ಲ ಅಂದರೆ ಅವರು ಸುಮ್ಮನಾಗ್ತಾರೆ."

"ಮತ್ತೆ ಕೆಂಪು ಚುಕ್ಕೆ?"

"ಅದು ಸುಮ್ನೆ ಮೇಡಂ, ತೋರಿಸೋಕೆ. ಮನಸ್ಸಿಗೆ ಹಚ್ಕೋಬೇಡಿ. ನೀವೂ ಒಂದು ಮೇಲ್ ಹಾಕಿಬಿಡಿ, ನಮ್ಮ ಮನೆ ನೆಟ್ ತೊಂದರೆ ಅಂತ."

ತಿಂಗಳುಗಟ್ಟಲೆ ನಾನು ಡಬ್ಬಿಯ ಧೂಳು ಒರೆಸಿದ್ದೆ, ವೈರು ಬದಲಾಯಿಸಿದ್ದೆ, ಫೋನಿನಲ್ಲಿ ಏನೋ ನೋಡುತ್ತಿದ್ದ ಗಂಡನಿಗೆ ನೆಟ್ ಮುಟ್ಟಬೇಡಿ ಎಂದು ರೇಗಿದ್ದೆ. ಅಷ್ಟನ್ನೂ ಈ ಮನುಷ್ಯ ಎಲ್ಲ ಗೊತ್ತಿದ್ದೇ ನೋಡುತ್ತಾ ಕೂತಿದ್ದರು. ಅವರಿಗೆ ನಾಚಿಕೆಯೂ ಇರಲಿಲ್ಲ, ನನ್ನ ಮೇಲೆ ಸಿಟ್ಟೂ ಇರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಣ್ಣ ಕೊಟ್ಟ ಕಾಫಿ ಕುಡಿಯಲಾಗದೆ ಬಚ್ಚಲಿಗೆ ಸುರಿದೆ.

ಮೇಲ್ ಹಾಕಲಿಲ್ಲ. ಹೆಮ್ಮಿಗೆಯದ್ದು, ನಂಜನಗೂಡಿನದ್ದು, ವಿಪಿಎನ್ ಹಾಕಿದ್ದು, ಹಾಕದ್ದು, ಎಲ್ಲ ಚಿತ್ರಗಳನ್ನೂ ಜೋಡಿಸಿ ಗ್ರೂಪಿಗೆ ಹಾಕಿದೆ. "ಎರಡು ಊರು, ಎರಡು ನೆಟ್ಟು, ವಿಪಿಎನ್ ಹಾಕಿದರೆ ಒಂದೇ ಸ್ಪೀಡು" ಎಂದಷ್ಟೇ ಬರೆದೆ. ಮಧ್ಯಾಹ್ನದ ಹೊತ್ತಿಗೆ ಮೈಸೂರಿನ ಒಬ್ಬಾಕೆ ತನ್ನ ಮನೆಯ ಜೋಡಿ ಚಿತ್ರ ಹಾಕಿದಳು. ನನ್ನ ಕೊಟ್ಟಿಗೆ ನೋಡಿ ನಕ್ಕವರಲ್ಲಿ ಅವಳೂ ಒಬ್ಬಳು. ಅವಳದೂ ಅದೇ ಕಥೆ. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಸಂಜೆಯ ಹೊತ್ತಿಗೆ ಮ್ಯಾನೇಜರು ತಾವು ಬಿಟ್ಟು ಬೇರೆ ಯಾರೂ ಗ್ರೂಪಿನಲ್ಲಿ ಏನೂ ಹಾಕದ ಹಾಗೆ ಬಾಗಿಲು ಹಾಕಿದರು.

ಕೆಲಸ ಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ. ಕೆಲವು ವಾರ ಕಳೆದ ಮೇಲೆ ಆ ಸರ್ವರ್ ಪೂರ್ತಿ ಕೈಕೊಟ್ಟು, ಯಾರಿಗೂ ಕೆಲಸ ಮಾಡಲಾಗದೆ, ಕ್ಲೈಂಟೇ ಕೂಗಾಡಿದಾಗ ಹೊಸದು ತಂದರು. ಮಾರನೆಯ ದಿನ ತೆರೆದ ಎಕ್ಸ್‌ರೇ ಸೊಂಟದಿಂದ ಹಿಮ್ಮಡಿಯವರೆಗೆ ಒಂದೇ ಏಟಿಗೆ ಬಂತು.

ಸಂತೋಷಪಡಬೇಕಿತ್ತು. ಅಷ್ಟರಲ್ಲಿ ಕಂಪನಿಯ ದೊಡ್ಡವರ ಮೇಲ್ ಬಂತು. ಸಿಬ್ಬಂದಿಯೆಲ್ಲ ಮುತುವರ್ಜಿ ವಹಿಸಿ ತಮ್ಮ ತಮ್ಮ ಮನೆಯ ನೆಟ್ ಸರಿಪಡಿಸಿಕೊಂಡಿದ್ದಕ್ಕೆ ಅಭಿನಂದನೆ ಎಂದು ಅದರಲ್ಲಿತ್ತು. ಎಲ್ಲರೂ ಅದರ ಕೆಳಗೆ ಚಪ್ಪಾಳೆಯ ಗುರುತು ಒತ್ತಿದರು. ಜೋಡಿ ಚಿತ್ರ ಹಾಕಿದ್ದ ಮೈಸೂರಿನಾಕೆಯೂ ಒತ್ತಿದಳು.

ಆ ಮಧ್ಯಾಹ್ನ ಮ್ಯಾನೇಜರು ಫೋನ್ ಮಾಡಿದರು. ಧ್ವನಿಯಲ್ಲಿ ಸಕ್ಕರೆ. "ಮೇಡಂ, ಹಳ್ಳಿಯಲ್ಲಿದ್ದುಕೊಂಡೇ ಸ್ಪೀಡ್ ಸುಧಾರಿಸಿಕೊಂಡವರು ಅಂತ ಕಂಪನಿ ಪತ್ರಿಕೇಲಿ ನಿಮ್ಮದೊಂದು ಫೋಟೋ ಹಾಕೋಣ ಅಂತಿದ್ದಾರೆ. ಸ್ವಲ್ಪ ನಗುಮುಖದ್ದು ಕಳಿಸ್ತೀರಾ?"

"ಇಲ್ಲ ಸಾರ್."

"ಯಾಕೆ ಮೇಡಂ? ಒಳ್ಳೆ ಹೆಸರು ಬರುತ್ತೆ."

"ನಾನು ಏನೂ ಸುಧಾರಿಸಿಲ್ಲ ಸಾರ್. ಅದು ನಿಮಗೂ ಗೊತ್ತು."

ಅವರು ಸಣ್ಣಗೆ ನಕ್ಕು, "ನೀವು ಬಹಳ ಸೀರಿಯಸ್ ಮೇಡಂ," ಎಂದರು. ಬೇರೆ ಯಾರನ್ನೋ ಕೇಳುತ್ತೇನೆಂದು ಹೇಳಿ ಫೋನಿಟ್ಟರು. ನಾನು ಸೋಪು ಹಾಕಿ ಕೈ ತೊಳೆದುಕೊಂಡು ಬಂದು ಕೆಲಸಕ್ಕೆ ಕೂತೆ.